ನೆಲದೊಡನೆ ಇಳಿದ ಗೂಟಗಳು

ಬೆಟ್ಟದ ನೆತ್ತಿಯ ಜವುಗಿಗೆ ಇಪ್ಪತ್ತಾರು ವರ್ಷ ಕಾವಲಿದ್ದ ಆಕೆಯನ್ನು ಊರೆಲ್ಲ ಅಳತೆಯಕ್ಕ ಎಂದೇ ಕರೆಯುತ್ತಿತ್ತು. ಪ್ರತಿ ಸೋಮವಾರ ಮೊಣಕಾಲುದ್ದದ ಬೂಟು ಹಾಕಿಕೊಂಡು ಮೇಲೇರುವುದು, ಹನ್ನೆರಡು ಮರದ ಗೂಟಗಳ ಬಳಿ ಬಾಗಿ ನೀರು ಯಾವ ಗೆರೆಗಿದೆಯೆಂದು ನೋಡುವುದು, ಪುಸ್ತಕದಲ್ಲಿ ಬರೆಯುವುದು. ಜ್ವರವಿದ್ದರೂ ತಪ್ಪಿಸಿದವಳಲ್ಲ. ಓದು ಏಳನೆಯ ತರಗತಿಗೇ ನಿಂತಿದ್ದರೂ ಅವಳ ಅಂಕಿಗಳು ಮುತ್ತು ಪೋಣಿಸಿದಂತಿದ್ದವು.

ನೆತ್ತಿಯದೂ ಅದರ ಕೆಳಗಿನದೂ ಸೇರಿ ಕೆಟ್ಟುಹೋದ ಎರಡು ಜವುಗುಗಳನ್ನು ಸರಿಪಡಿಸುವ ಯೋಜನೆ ಬಂದದ್ದು ಆಮೇಲೆ. ಹಿಂದೆ ಯಾರೋ ಹುಲ್ಲುಗಾವಲು ಮಾಡಲು ಹೊರಟು ತೋಡಿದ್ದ ಕಾಲುವೆಗಳು ನೀರನ್ನೆಲ್ಲ ಬಸಿಯುತ್ತಿದ್ದವು. ಅವಕ್ಕೆ ಹಲಗೆಯ ಅಡ್ಡಕಟ್ಟೆ ಹಾಕಬೇಕು. ಆದರೆ ಇದ್ದ ಆಳು, ಹಲಗೆ ಎಲ್ಲ ಕಡೆಗೂ ಸಾಲುವಂತಿರಲಿಲ್ಲ. ಹುಲ್ಲು, ಪಾಚಿ ಕೊಳೆತು ಕೂಡಿದ ಕರಿಮಣ್ಣು ಎಲ್ಲಿ ಆಳುದ್ದ ಉಳಿದಿದೆಯೋ ಅಲ್ಲಿ ಮಾತ್ರ ಕೆಲಸ. ಮಿಕ್ಕದ್ದನ್ನು ಕೈಬಿಡುವುದು ಎಂದು ತೀರ್ಮಾನವಾಗಿತ್ತು. ಅಕ್ಕನಿಗೆ ಮೇಲಿನ ಜವುಗೆಂದರೆ ಪ್ರಾಣ.

“ಮೇಲಿಂದನ್ನ ಬಿಡೋ ಹಾಗೇ ಇಲ್ಲಮ್ಮ,” ಎಂದು ಅವಳು ಪರೀಕ್ಷೆಗೆ ಬಂದ ಎಂಜಿನಿಯರ್ ಹುಡುಗಿಯ ಮುಂದೆ ಪುಸ್ತಕ ಬಿಡಿಸಿಟ್ಟಳು. “ನೋಡು, ಇಷ್ಟು ವರ್ಷದಲ್ಲಿ ನೀರು ಒಂದು ಗೇಣೂ ಇಳಿದಿಲ್ಲ.”

“ಎಷ್ಟು ನೀಟಾಗಿ ಬರೆದಿದ್ದೀರಕ್ಕ. ನಮ್ಮ ಆಫೀಸಿನ ಹಾಜರಿ ಪುಸ್ತಕಾನೂ ಹೀಗಿಲ್ಲ.”

“ಹಾಜರಿ ಬರೆಯೋಕೆ ಮೊದಲು ಜನ ಬರಬೇಕಲ್ಲ ತಾಯಿ.”

ಇಬ್ಬರೂ ನಗುತ್ತಲೇ ಮೇಲೇರಿದರು. ಹುಡುಗಿ ಕಬ್ಬಿಣದ ಸರಳುಗಳನ್ನು ಒಂದಕ್ಕೊಂದು ತಿರುಪಿ ಜೋಡಿಸಿ ಮೊದಲ ಗೂಟದ ಪಕ್ಕದಲ್ಲಿ ಮಣ್ಣಿಗಿಳಿಸಿದಳು. ಸೊಂಟದಷ್ಟು ಆಳಕ್ಕೇ ಸರಳು ಬಂಡೆಗೆ ಬಡಿಯಿತು. ಎರಡನೆಯ ಕಡೆಯೂ ಅಷ್ಟೇ, ಮೂರನೆಯ ಕಡೆಯೂ ಅಷ್ಟೇ.

“ಗೂಟ ನೆಡುವಾಗ ತಳದ ಬಂಡೆಗೆ ಮುಟ್ಟಿಸಿದ್ರಾ ಅಕ್ಕ?”

“ಬಂಡೆ ಎಲ್ಲಿ ಸಿಗಬೇಕು? ಆಗ ಇಲ್ಲಿ ಒಂದೂವರೆ ಆಳು ಮಣ್ಣಿತ್ತು. ಮೊಳದುದ್ದ ಹೊಡೆದು ಗಟ್ಟಿಮಾಡಿದೆವು.”

ಹುಡುಗಿ ಸರಳನ್ನು ಒರೆಸಿದಳು. “ಮಣ್ಣು ಒಣಗಿ ಕುಗ್ಗಿದೆ ಅಕ್ಕ. ಅದರ ಜೊತೆ ಗೂಟಾನೂ ಇಳಿದಿದೆ, ನೀರೂ ಇಳಿದಿದೆ. ಮೂರೂ ಒಟ್ಟಿಗೇ ಇಳಿದ್ರೆ ಗೆರೆ ಹೇಗೆ ಬದಲಾಗುತ್ತೆ?”

ಅಕ್ಕ ಬಾಗಿ ಗೂಟದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಅವಳ ಕಣ್ಣ ಮುಂದೆ ಬಂದವನು ತಮ್ಮ. ಕಲ್ಲುಗೆಲಸದವನು, ಮಾತು ಕಡಿಮೆ. ಹದಿನೈದು ವರ್ಷದ ಹಿಂದೆ ಊರಿನ ಸಭೆಯಲ್ಲಿ ಎದ್ದು ನಿಂತು ಹೇಳಿದ್ದ: “ಜವುಗಿನ ಅಂಚಿನ ಬಂಡೆ ಮೊದಲು ನನ್ನ ಮೊಣಕಾಲಿಗಿತ್ತು, ಈಗ ಸೊಂಟಕ್ಕೆ ಬಂದಿದೆ. ನೆಲ ಕುಸೀತಿದೆ ಅಕ್ಕ, ಕಾಲುವೆ ಮುಚ್ಚಿಸು.” ಅವಳು ಪುಸ್ತಕ ಎತ್ತಿ ತೋರಿಸಿ, “ನೆಲ ಇದ್ದ ಹಾಗೇ ಇದೆ. ಬಂಡೆಯೇ ಬೆಳೀತಿರಬೇಕು, ದಿನಾ ಒಂದು ಕೊಡ ನೀರು ಹಾಕಪ್ಪ,” ಎಂದಿದ್ದಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಂದಿನಿಂದ ಅವನಿಗೆ ಬಂಡೆ ಬೆಳೆಸೋನು ಎಂಬ ಹೆಸರು ಅಂಟಿಕೊಂಡಿತು. ಆಮೇಲೆ ಅವನು ಅಕ್ಕನ ಹೊಸ್ತಿಲು ತುಳಿಯಲಿಲ್ಲ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು.

ವಾರದ ಬಳಿಕ ಆಫೀಸಿನ ಉದ್ದ ಮೇಜಿನ ಮೇಲೆ ನಕ್ಷೆ ಹರಡಿತ್ತು. ಕೆಳಗಿನ ಜವುಗಿಗೆ ಹಸಿರು ಬಣ್ಣ. ಅಡ್ಡಕಟ್ಟೆಗಳ ಜಾಗಕ್ಕೆಲ್ಲ ಗುರುತು. ಮೇಲಿನದರ ಮೇಲೆ ಪೆನ್ಸಿಲಿನ ಅಡ್ಡಗೆರೆ.

“ನಿಮ್ಮ ಪುಸ್ತಕದ ವಿಷಯ ವರದಿಯಲ್ಲಿ ಬರೆಯೋಲ್ಲ ಅಕ್ಕ,” ಎಂದಳು ಹುಡುಗಿ ಮೆಲ್ಲಗೆ. “ಯಾರೂ ಕೇಳೋದೂ ಇಲ್ಲ.”

“ಬರಿ. ಪುಸ್ತಕ ತಪ್ಪು ಅಂತ ಬರಿ. ಹದಿನೈದು ವರ್ಷದ ಹಿಂದೆ ಕಲ್ಲುಗೆಲಸದ ನನ್ನ ತಮ್ಮ ಸರಿಯಾಗೇ ಹೇಳಿದ್ದ, ನಾನು ನಂಬಲಿಲ್ಲ ಅಂತಾನೂ ಬರಿ.”

ಹುಡುಗಿ ಬರೆದಳು. ಅಕ್ಕ ನಕ್ಷೆಯ ಅಡ್ಡಗೆರೆಯ ಮೇಲೆ ಬೆರಳಿಟ್ಟಳು.

“ಆಗಲೇ ಕಟ್ಟೆ ಹಾಕಿದ್ರೆ ಮೇಲಿಂದು ಉಳೀತಿತ್ತಾ?”

ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು. ಹುಡುಗಿ ನಕ್ಷೆಯನ್ನೇ ನೋಡುತ್ತಿದ್ದಳು.

“ಉಳೀತಿತ್ತು ಅಕ್ಕ.”

“ಈಗ ಒಂದು ಗೇಣು ಮಣ್ಣು ಮತ್ತೆ ಕೂಡೋಕೆ?”

“ಇನ್ನೂರು ವರ್ಷ.”

ಅಕ್ಕ ತಲೆಯಾಡಿಸಿದಳು. ಹುಡುಗಿ ಕಾಗದ ಮಡಿಸಹೊರಟಾಗ ಅದರ ಮೇಲೆ ಕೈಯಿಟ್ಟು ತಡೆದಳು.

“ಉಳೀತಿತ್ತು ಅಂದೆಯಲ್ಲ, ಅದನ್ನೂ ಬರಿ ತಾಯಿ. ಅವನ ಮಾತಿನ ಕೆಳಗೇ ಬರಿ.”