ಕ್ಯಾಲೆಂಡರಿನ ಕುಂಕುಮದ ಚುಕ್ಕೆಗಳು

ಯಾವ ಕುರಿ ಯಾವತ್ತು ಈಯಿತು, ಹೊಸ ಗ್ಯಾಸ್ ಸಿಲಿಂಡರ್ ಯಾವತ್ತು ಹಚ್ಚಿದೆ ಎಂಬುದನ್ನೆಲ್ಲ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಮಗಳು ಒಂಬತ್ತನೆಯ ತರಗತಿಗೆ ಬಂದ ವರ್ಷ ಅವಳ ನೋವೂ ಅಲ್ಲಿ ಸೇರಿತು. ಹೆಚ್ಚಿದ್ದ ದಿನ ಮೂರು ಕುಂಕುಮದ ಚುಕ್ಕೆ, ಕಡಿಮೆಯಿದ್ದರೆ ಒಂದು.

ಮೊದಲು ಕಾಲು, ಆಮೇಲೆ ಭುಜ, ಬೆನ್ನು. ಎಷ್ಟು ಮಲಗಿ ಎದ್ದರೂ ನಿದ್ದೆಗೆಟ್ಟವಳಂತೆ ಕೂತಿರುತ್ತಿದ್ದಳು. ಶಾಲೆಯೂ ತಪ್ಪತೊಡಗಿತು. ಮೊದಲು ನಿಲಂಗಾದ, ಆಮೇಲೆ ಉಮರ್ಗಾದ ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡಿಸಿದೆವು. ಎಲ್ಲ ಸರಿಯಿದೆ ಎಂದರು. ಆ ಕಾಗದವೇ ಅವಳಿಗೆ ಮುಳುವಾಯಿತು. ಅವಳ ಅಪ್ಪ ಅದನ್ನು ಮಡಿಸಿ ಜೇಬಿಗಿಟ್ಟು, "ಏನೂ ಇಲ್ಲಂದ್ರ ಸಾಲಿಗಿ ಹೋಗಲಿಕ್ಕೇನು ಧಾಡಿ? ಗಣಿತಕ್ಕ ಅಂಜಿ ನಾಟಕ ಮಾಡ್ಲಿಕತ್ಯಾಳ" ಎಂದರು. ಅಂದಿನಿಂದ ಮಗಳು ನೋವಿನ ಮಾತನ್ನೇ ಬಿಟ್ಟಳು. ಚುಕ್ಕೆ ಎಷ್ಟಿಡಲಿ ಎಂದರೆ ಬೆರಳು ತೋರಿಸುತ್ತಿದ್ದಳು, ಅಷ್ಟೇ.

ತಪ್ಪು ನನ್ನದೂ ಇತ್ತು. ಸಂಜೆ ಶಾಲೆ ಬಿಟ್ಟಮೇಲೆ ಕುರಿಮರಿಗಳನ್ನು ಹಳ್ಳದ ತನಕ ಹೊಡೆದುಕೊಂಡು ಹೋಗುವುದು ಅವಳ ಕೆಲಸ. ಕಾಲುನೋವಿಗೆ ಅದೇ ಕಾರಣವೆಂದು ಬಿಡಿಸಿದೆ. ಅತ್ತೆ ಬೀರಪ್ಪ ದೇವರ ಭಂಡಾರದ ಅರಿಸಿನವನ್ನು ಎಣ್ಣೆಯಲ್ಲಿ ಕಲಸಿ ತಿಕ್ಕಿ, ಕಂಬಳಿ ಹೊದಿಸಿ ಮಲಗಿಸುತ್ತಿದ್ದರು. ಆದರೂ ಚುಕ್ಕೆಗಳು ಹೆಚ್ಚುತ್ತಲೇ ಹೋದವು. ಒಂದು ಮಧ್ಯಾಹ್ನ ಸುಮ್ಮನೆ ಹಿಂದಿನ ಪುಟ ತಿರುವಿದೆ. ಮರಿಗಳ ಹಿಂದೆ ಹೋಗುತ್ತಿದ್ದ ತಿಂಗಳುಗಳಲ್ಲಿ ಬಹಳ ದಿನ ಒಂದೊಂದೇ ಚುಕ್ಕೆ. ಇದ್ಯಾಕೆ ಹೀಗೆ ಎಂದು ನನಗೆ ತಲೆಗೆ ಹುಳ ಬಿಟ್ಟಂತಾಯಿತು.

ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು, ಮಗಳನ್ನೂ ಅವಳಪ್ಪನನ್ನೂ ಹೊರಡಿಸಿ, ಉದಗೀರದ ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಚುಕ್ಕೆಗಳ ನಡುವೆ 'ಕರಿ ಕುರಿ, ಎರಡು ಮರಿ' ಎಂದಿದ್ದನ್ನು ಓದಿ, ಬಾಣಂತಿ ಆರಾಮ ಇದ್ದಾಳೇನು ಎಂದು ಕೇಳಿದರು. ಮಗಳು ಬಹಳ ದಿನದ ಮೇಲೆ ನಕ್ಕಳು. ಆಮೇಲೆ ಕೀಲುಗಳನ್ನು ಒತ್ತಿ ನೋಡಿದರು. ನಿದ್ದೆ, ದಣಿವು, ಓದಿದ್ದು ನೆನಪಿರುತ್ತದೆಯೇ ಎಂದು ಒಂದೊಂದಾಗಿ ಅವಳನ್ನೇ ಕೇಳಿದರು. ಹಳೆಯ ಕಾಗದಗಳನ್ನೆಲ್ಲ ಓದಿ ಮುಗಿಸಿ ಅವಳಪ್ಪನ ಕಡೆ ತಿರುಗಿದರು.

"ಇದು ನಾಟಕ ಅಲ್ರೀ, ಖರೇ ನೋವು. ಮೈಯೆಲ್ಲಾ ನೋಯುವ ಈ ಬ್ಯಾನಿಗಿ ಫೈಬ್ರೊಮಯಾಲ್ಜಿಯಾ ಅಂತಾರ. ರಕ್ತದಾಗ ಕಾಣಲ್ಲ."

ಗುಳಿಗೆ ಎಷ್ಟು ದಿನ ಎಂದು ನಮ್ಮ ಮನೆಯವರು ಕೇಳಿದರು. ಮಲಗಿದಷ್ಟೂ ಈ ನೋವು ಹೆಚ್ಚುತ್ತದೆ, ಗುಳಿಗೆಗಿಂತ ನಡಿಗೆ ಮುಖ್ಯ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು ಎಂದರು ಡಾಕ್ಟರಮ್ಮ. ಆರಾಮವಿದ್ದ ದಿನ ಅತಿಯಾಗಿ ಓಡಾಡಬಾರದು, ನೋವಿದ್ದ ದಿನ ಪೂರ್ತಿ ಮಲಗಬಾರದು. ಮಲಗುವ, ಏಳುವ ಹೊತ್ತು ತಪ್ಪಬಾರದು. ಶಾಲೆಗೆ ಮೊದಲು ಅರ್ಧ ದಿನ ಹೋಗಲಿ. ಮನಸ್ಸಿನ ಭಯ ಹೇಳಿಕೊಳ್ಳಲು ಆಪ್ತಸಲಹೆಗಾರರೊಬ್ಬರ ಹತ್ತಿರ ಕಳಿಸುವುದಾಗಿಯೂ ಹೇಳಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ಕ್ಯಾಲೆಂಡರಿನ ಸುರುಳಿ ಬಿಚ್ಚಿ ಒಂದೊಂದೇ ಪುಟ ತಿರುವಿ ನೋಡಿದರು.

ಮರುದಿನ ಸಂಜೆ ಇವರೇ ಮರಿಗಳ ದೊಡ್ಡಿ ತೆರೆದರು. "ನಡಿ ನಮ್ಮವ್ವಾ, ಬೇವಿನ ಗಿಡದ ತನಕ ಹೋಗಿ ಬರಮು. ನಾನೂ ಬರ್ತೀನಿ."

ತಿರುಗಿ ಬಂದಮೇಲೆ ಚುಕ್ಕೆ ಎಷ್ಟು ಎಂದು ಕೇಳಿದೆ. ಮಗಳು ಅಪ್ಪನನ್ನು ಒಮ್ಮೆ ನೋಡಿದಳು.

"ಎರಡವ್ವಾ. ಮೊಣಕಾಲು ನೋಯ್ಲಿಕತ್ಯಾವ" ಎಂದಳು, ಬಾಯಿಬಿಟ್ಟು.

ಇವರು ಕುಂಕುಮದ ಭರಣಿಗೆ ಬೆರಳದ್ದಿ ತಾವೇ ಎರಡು ಚುಕ್ಕೆ ಇಟ್ಟರು. ದಪ್ಪ ಬೆರಳು, ಮರುದಿನದ ಅಂಕಿಯೂ ಮುಚ್ಚಿಹೋಯಿತು.