ಕಿಟಕಿಗೆ ಎದುರಾದ ಸ್ಟೂಲು

ಬೆಟಗೇರಿಯಲ್ಲಿ ಅಪ್ಪನದೊಂದು ಫೋಟೋ ಸ್ಟುಡಿಯೋ ಇದೆ. ಎಲ್ಲರ ಕೈಗೂ ಮೊಬೈಲ್ ಬಂದಮೇಲೆ ಅಲ್ಲಿ ಉಳಿದದ್ದು ಎರಡೇ ಕೆಲಸ: ಪಾಸ್‌ಪೋರ್ಟ್ ಅಳತೆಯ ಫೋಟೋ ಮತ್ತು ಸತ್ತವರ ಫೋಟೋ.

ನಮ್ಮ ಕಡೆ ಎಷ್ಟೋ ಹೆಂಗಸರಿಗೆ ಬದುಕಿದ್ದಾಗಿನ ಒಂದು ಫೋಟೋವೂ ಇರುತ್ತಿರಲಿಲ್ಲ. ತೀರಿಕೊಂಡ ದಿನ ಕಟ್ಟೆಯ ಮೇಲೆ ಕೂಡಿಸಿ, ಹೂವು ಹಾಕಿ, ಸುತ್ತ ಮನೆಯವರು ನಿಂತು ತೆಗೆಸಿದ್ದೇ ಮೊದಲನೆಯದು, ಅದೇ ಕೊನೆಯದು. ಗೋಡೆಗೆ ಹಾಕಲು ಅದರಿಂದ ಮುಖವನ್ನಷ್ಟೇ ಬೇರೆ ಮಾಡಿ, ಮೂಗಿನ ಹತ್ತಿ ಅಳಿಸಿ, ಮುಚ್ಚಿದ ಕಣ್ಣು ಬಿಟ್ಟಂತೆ ಮಾಡಿಕೊಡಬೇಕು. ಅಪ್ಪ ಇದನ್ನು ಕಣ್ಣು ತೆರೆಸುವುದು ಅನ್ನುತ್ತಾನೆ.

ಈ ಕೆಲಸದಲ್ಲಿ ಅಪ್ಪನದೊಂದು ನೇಮವಿತ್ತು. ಸತ್ತವರ ಮಗಳೋ ಮಗನೋ ತಂಗಿಯೋ, ಯಾರಾದರೊಬ್ಬರು ಅಂಗಡಿಗೆ ಬಂದು ಕಿಟಕಿಗೆ ಎದುರಾದ ಸ್ಟೂಲಿನ ಮೇಲೆ ಕೂಡಬೇಕು. ಅವರ ಕಣ್ಣುಗಳ ಫೋಟೋ ತೆಗೆದು ಅವನ್ನೇ ಸತ್ತವರ ಮುಖಕ್ಕೆ ಕೂಡಿಸುತ್ತಿದ್ದ.

"ರಕ್ತದವರ ಕಣ್ಣ ಬೇಕು. ಬ್ಯಾರೇದ ಹಚ್ಚಿದ್ರ ಅದು ಮನಿ ಮಂದೀನ ಗುರ್ತ ಹಿಡಿಯೂದಿಲ್ಲ," ಅನ್ನುತ್ತಿದ್ದ. ಚಿಕ್ಕವಳಿದ್ದಾಗ ನನಗೆ ಇದು ಗಿರಾಕಿಯನ್ನು ಅಂಗಡಿಗೆ ಕರೆಸುವ ಉಪಾಯ ಅನ್ನಿಸಿತ್ತು.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಗೆ ಬಂದ ವರ್ಷ ಅಂಗಡಿಗಾಗಿ ಜಾಲತಾಣದಲ್ಲಿ ಒಂದು ಪೇಜ್ ತೆರೆದೆ. ನನ್ನ ಹೆಸರಾಗಲಿ ಮುಖವಾಗಲಿ ಅದರಲ್ಲಿ ಇಲ್ಲ. ಎಲ್ಲಿಯೂ ಇಲ್ಲ, ನನಗೆ ಅದು ಸೇರುವುದಿಲ್ಲ. ಒಂದು ಮನೆಯವರ ಒಪ್ಪಿಗೆ ಪಡೆದು ಹದಿನೈದು ಸೆಕೆಂಡಿನ ರೀಲ್ ಹಾಕಿದೆ. ಮುಚ್ಚಿದ ರೆಪ್ಪೆ ನಿಧಾನವಾಗಿ ತೆರೆಯುತ್ತದೆ, ಅಷ್ಟೇ. ಅದು ಊರೂರಿನ ಗ್ರೂಪುಗಳಿಗೆ ಹೋಯಿತು. ಅಸುಂಡಿ, ಹರ್ತಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಮೆಸೇಜುಗಳು ಬಂದವು. ಅಮಾವಾಸ್ಯೆಯ ಮುಂಜಾನೆ ಹಾಕಿದ ರೀಲ್ ಉಳಿದವುಗಳಿಗಿಂತ ದೂರ ಹೋಗುತ್ತದೆ ಅನ್ನುವುದನ್ನೂ ಕಂಡುಕೊಂಡೆ. ಆ ದಿನ ಜನ ಸತ್ತವರನ್ನು ನೆನೆಯುತ್ತಾರೆ.

ಆದರೆ ಹೀಗೆ ಸಿಕ್ಕ ಗಿರಾಕಿಗಳು ಸ್ಟೂಲಿನ ಮೇಲೆ ಬಂದು ಕೂಡುವವರಲ್ಲ. ನಿಮ್ಮ ಕಣ್ಣಿನ ಫೋಟೋ ಕಳಿಸಿ ಅಂದರೆ ಸೆಲ್ಫಿ ಕಳಿಸುತ್ತಿದ್ದರು. ಕೆಲವರ ಕಣ್ಣಿಗೆ ಮೊಬೈಲಿನ ಫಿಲ್ಟರೇ ಕಾಡಿಗೆ ಹಚ್ಚಿತ್ತು, ಕೆಲವರದನ್ನು ಬೆಕ್ಕಿನ ಕಣ್ಣು ಮಾಡಿತ್ತು. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ನಾನೇ ಸ್ಟೂಲಿನ ಮೇಲೆ ಕುಳಿತು ನನ್ನ ಕಣ್ಣುಗಳ ಫೋಟೋ ತೆಗೆದುಕೊಂಡೆ. ನೇರ ನೋಡುವುದು, ತುಸು ಕೆಳಗೆ ನೋಡುವುದು, ಎಡಕ್ಕೆ, ಬಲಕ್ಕೆ. ಹೆಸರಿಡದ ಒಂದು ಫೋಲ್ಡರಿನಲ್ಲಿ ಅವನ್ನು ಇಟ್ಟುಕೊಂಡೆ. ಸತ್ತವರ ಮುಖಗಳಿಗೆ ಅವನ್ನೇ ಕೂಡಿಸಿದೆ, ವಯಸ್ಸಾದವರಿಗೆ ಸುತ್ತ ಸುಕ್ಕು ಸೇರಿಸಿದೆ. ಯಾರೂ ತಕರಾರು ಮಾಡಲಿಲ್ಲ. 'ಥೇಟ್ ನಮ್ಮವ್ವ' ಎಂದು ಬರೆದರು.

ಡೋಣಿ ಎಂಬ ಊರಿನ ಹುಡುಗಿಯೊಬ್ಬಳ ಮೆಸೇಜ್ ಬಂದದ್ದು ಆಗ. ಬರೆದಿರಲಿಲ್ಲ, ಮಾತಾಡಿ ಕಳಿಸಿದ್ದಳು.

"ಅಕ್ಕಾರ, ನಾ ಹುಟ್ಟಿ ಇಪ್ಪತ್ತ ದಿನಕ್ಕ ಅವ್ವ ಹೋದಳ್ರಿ. ಇದೊಂದ ಫೋಟೋ ಐತಿ. ಅಜ್ಜಿ ಉಡ್ಯಾಗ ಇರೂ ಕೂಸು ನಾನ. ನಾ ಅವ್ವನ ಕಣ್ಣ ನೋಡಿಲ್ರಿ. ಇನ್ನ ಎರಡ ತಿಂಗಳಿಗೆ ನನ್ನ ಲಗ್ನ. ತಲಿ ಮ್ಯಾಲ ಅಕ್ಕಿಕಾಳ ಬೀಳೂಕಿಂತ ಮದಲ ಅಕಿ ನನ್ನ ಒಮ್ಮೆ ನೋಡಬೇಕ್ರಿ."

ತಾನು ಅವ್ವನನ್ನು ನೋಡಬೇಕು ಅಂದಿರಲಿಲ್ಲ. ಅವ್ವ ತನ್ನನ್ನು ನೋಡಬೇಕು ಅಂದಿದ್ದಳು. ಇದು ನನ್ನ ಗಮನಕ್ಕೆ ಬಂದಿತ್ತು. ಆದರೂ ಫೋಲ್ಡರ್ ತೆರೆದೆ, ನೇರ ನೋಡುವ ಜೋಡಿಯನ್ನು ಕೂಡಿಸಿದೆ, ಕಟ್ಟು ಹಾಕಿಸಿ ಬಸ್ಸಿನಲ್ಲಿ ಕಳಿಸಿದೆ.

'ಅಕ್ಕಾರ, ಅವ್ವ ನನ್ನನ್ನ ನೋಡಾಕತ್ತಾಳ, ಎಲ್ಲಿ ನಿಂತ್ರೂ' ಎಂದು ಅವಳ ಉತ್ತರ ಬಂತು. ಆಮೇಲೆ ದಿನಕ್ಕೊಂದು ಬರತೊಡಗಿತು. ಇವತ್ತ ಅವ್ವಗ ಸೀರಿ ತೋರಿಸಿದೆ. ಇವತ್ತ ಅವ್ವನ ಮುಂದ ಬಳಿ ಇಟ್ಕೊಂಡೆ. ಒಂದು ದಿನ, 'ಅವ್ವನ ಎಡಗಣ್ಣ ಕೆಂಪ ಆದಂಗ ಕಾಣಸ್ತೈತಿ, ಪ್ರಿಂಟ್ ಕೆಟ್ಟಿತೇನ್ರಿ?' ಎಂದು ಕೇಳಿದಳು. ಗೋಡೆಯ ತೇವಕ್ಕೆ ಬಣ್ಣ ತಿರುಗಿರಬಹುದು ಎಂದು ಬರೆದೆ. ಎರಡು ದಿನದಿಂದ ನನ್ನ ಎಡಗಣ್ಣು ಕೆಂಪಾಗಿ ಉರಿಯುತ್ತಿತ್ತು. ಅದನ್ನು ಬರೆಯಲಿಲ್ಲ.

ಅದೇ ವಾರ ಮುಂಡರಗಿಯ ಒಂದು ಮನೆಗೆ ಹೋಗಬೇಕಾಯಿತು. ಮೊದಲೊಮ್ಮೆ ಫೋಟೋ ಮಾಡಿಸಿಕೊಂಡವರು. ಈಗ ಅಜ್ಜನದೂ ಬೇಕಿತ್ತು, ಹಳೆಯ ಆಲ್ಬಮ್ಮನ್ನು ಹೊರಗೆ ಕೊಡಲು ಒಲ್ಲೆ ಅಂದಿದ್ದರು. ಪಡಸಾಲೆಯಲ್ಲಿ ಚಹಾ ಕೊಟ್ಟರು. ತಲೆ ಎತ್ತಿದೆ. ಎದುರಿನ ಗೋಡೆಯ ಮೇಲೆ ಅರವತ್ತರ ಹೆಂಗಸೊಬ್ಬಳು ನನ್ನ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದಳು.

ನನ್ನ ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಕೂದಲೆಳೆಯಷ್ಟು ಕೆಳಗಿದೆ. ಅವಳದೂ ಹಾಗೇ ಇತ್ತು. ಹತ್ತಿರ ಹೋದರೆ ಪಾಪೆಯೊಳಗೆ ಅಕ್ಕಿಕಾಳಿನಷ್ಟು ಬೆಳಕು, ನಡುವೆ ಒಂದು ಅಡ್ಡಗೆರೆ. ನಮ್ಮ ಅಂಗಡಿಯ ಕಿಟಕಿ, ಅದರ ಸರಳು.

ಆ ಮನೆಯ ಮೂರು ವರ್ಷದ ಮಗು ನನ್ನನ್ನು ನೋಡಿ, ಗೋಡೆ ನೋಡಿ, ತಾಯಿಯ ಸೆರಗಿನ ಹಿಂದೆ ಸೇರಿಕೊಂಡಿತು. "ಯಾಕ ಪುಟ್ಟಾ, ಅಕ್ಕ ನಿನ್ನ ಹಿಡ್ಕೊಂಡ್ ಹೊಕ್ಕಾಳನ?" ಎಂದು ಎಲ್ಲರೂ ನಕ್ಕರು. ನಾನು ಚಹಾ ಅರ್ಧಕ್ಕೆ ಬಿಟ್ಟೆ.

ಮನೆಗೆ ಬಂದಾಗ ಡೋಣಿಯ ಹುಡುಗಿ ಒಂದು ವಿಡಿಯೋ ಹಾಕಿದ್ದಳು. ಅವ್ವನ ಫೋಟೋದ ಮುಂದೆ ದೀಪ ಹಚ್ಚುತ್ತಿದ್ದಳು, ಕೆಳಗೆ ನಮ್ಮ ಪೇಜಿನ ಹೆಸರು. ಅದನ್ನು ನೋಡಿ ಸಂಜೆಯೊಳಗೆ ಹನ್ನೊಂದು ಹೊಸ ಗಿರಾಕಿಗಳು ಬರೆದಿದ್ದರು. ಅಪ್ಪ ಕನ್ನಡಕ ಏರಿಸಿ ನನ್ನ ಮೊಬೈಲ್ ತೆಗೆದುಕೊಂಡ. ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ.

"ಇದು ನಮ್ಮ ಕಿಡಕಿ."

ಮೊಬೈಲ್ ನನ್ನ ಕೈಗೆ ತಿರುಗಿ ಕೊಟ್ಟ.

"ಎಷ್ಟ ಮನಿಗೆ ಹೋಗೀ?"

ಫೋಟೋ 'ಹೋಗೈತಿ' ಅನ್ನಲಿಲ್ಲ ಅಪ್ಪ, ನಾನೇ ಹೋಗಿದ್ದೇನೆ ಅನ್ನುವಂತೆ ಕೇಳಿದ. "ಮೂವತ್ತೊಂದು," ಅಂದೆ. ಆ ಹುಡುಗಿ ಅವ್ವನ ಕಣ್ಣು ನೋಡಿಲ್ಲ ಅನ್ನುವುದನ್ನೂ ಹೇಳಿದೆ.

"ಉಳಿದವ್ರಿಗೆ ತಮ್ಮವರ ಕಣ್ಣ ನೆನಪ ಇರ್ತಾವ, ಹೆಂಗರ ಹೊಂದಿಸ್ಕೋತಾರ. ಈ ಹುಡುಗಿಗೆ ಏನೈತಿ? ನೀ ಕೊಟ್ಟದ್ದ ನೆನಪು. ಲಗ್ನಕ್ಕಿಂತ ಮದಲ ಹೋಗಿ ಖರೆ ಹೇಳು. ಅಕಿ ಕಣ್ಣ ತಗೊಂಡ ಬಾ."

ಲಗ್ನಕ್ಕೆ ಐದು ದಿನ ಉಳಿದಿತ್ತು. ಮರುದಿನ ಕ್ಯಾಮೆರಾ ಹಿಡಿದು ಡೋಣಿಗೆ ಹೋಗಲು ಮುಂಡರಗಿ ಕಡೆಯ ಬಸ್ ಹತ್ತಿದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತಿದ್ದವು, ಒಂದೂ ತಿರುಗುತ್ತಿರಲಿಲ್ಲ.

ಹುಡುಗಿಯ ಅಜ್ಜಿ ಬಾಗಿಲಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಳು. ಯಾರು ಎಂದು ಕೇಳಲಿಲ್ಲ. ಬಹಳ ಹೊತ್ತು ನನ್ನ ಮುಖ ನೋಡಿದಳು.

"ನೀ ಏನ ಬೇ ಅಕಿ?" ಅಂದಳು. "ಎರಡ ತಿಂಗಳಾಗಾಕ ಬಂತು, ನಾ ಚೀಲಕ್ಕ ಕೈ ಹಾಕಿ ತಂಬಾಕ ತಗೊಳ್ಳೂದನ್ನೂ ಬಿಡದಂಗ ನೋಡಾಕತ್ತಿ."

"ನಿಮಗ ಗೊತ್ತಿತ್ತೇನ್ರಿ ಅಮ್ಮಾ?"

"ಹಡದಾಕಿಗೆ ಗೊತ್ತಾಗೂದಿಲ್ಲನ? ನನ್ನ ಮಗಳವು ಸಣ್ಣ ಕಣ್ಣ, ಒಳಗ ಇದ್ದುವು. ಫೋಟೋ ಬಂದ ದಿನಾನ ತೆಗೆದ ಇಡಬೇಕಂದೆ. ಆದ್ರ ಕೂಸು ಅದರ ಕೂಡ ಮಾತಾಡಾಕ ಚಾಲೂ ಮಾಡಿತ್ತು. ಹೆಂಗ ತೆಗೀಲಿ?"

ಒಳಗಿನಿಂದ ಹುಡುಗಿ ಬಂದಳು. ನಗುತ್ತ ಬಂದವಳು ಹೊಸ್ತಿಲಲ್ಲಿ ನಿಂತುಬಿಟ್ಟಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಅಪ್ಪನ ನೇಮ, ಸ್ಟೂಲು, ಫೋಲ್ಡರ್. ಈಗ ನಿನ್ನ ಕಣ್ಣು ತೆಗೆದುಕೊಂಡು ಹೋಗಿ ಲಗ್ನಕ್ಕೆ ಮೊದಲೇ ಬೇರೆ ಫೋಟೋ ಮಾಡಿಕೊಡುತ್ತೇನೆ ಅಂದೆ.

ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. ಒಳಗೆ ಕರೆದೊಯ್ದು ಆ ಫೋಟೋದ ಕೆಳಗೆ ಚಾಪೆಯ ಮೇಲೆ ಕೂಡಿಸಿದಳು.

"ಒಮ್ಮೆ ಕಣ್ಣ ಮುಚ್ಚ್ರಿ ಅಕ್ಕಾರ."

ಮುಚ್ಚಿದೆ. ಅವಳ ಬಳೆಯ ಸದ್ದು ಹತ್ತಿರ ಬಂತು. ಅರಿಶಿಣದ ವಾಸನೆಯ ಬೆರಳು ನನ್ನ ಎಡರೆಪ್ಪೆಯ ಮೇಲೆ, ಆಮೇಲೆ ಬಲರೆಪ್ಪೆಯ ಮೇಲೆ ನಿಂತಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಕಟ್ಟೆಯ ಮೇಲೆ ಕೂಡಿಸಿ ಹೂವು ಹಾಕಿಸಿಕೊಂಡವಳಂತೆ ನಾನು ಅಲುಗಾಡಲಿಲ್ಲ.

"ಈಗ ತಗೀರಿ. ನನ್ನನ್ನ ನೋಡ್ರಿ."

ತೆರೆದೆ. ಅವಳು ಲಗ್ನದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ನೋಡಿದೆ. ಬೇರೆಡೆ ನೋಡಬೇಕು ಅನ್ನಿಸಿದರೂ ಆಗಲಿಲ್ಲ.

"ಆತ್ರಿ," ಅಂದಳು ಕೊನೆಗೆ.

ಅಜ್ಜಿಗಾಗಿ ಅವಳು ಬಾಗಿಲ ಬೆಳಕಿಗೆ ಕುಳಿತು ತನ್ನ ಕಣ್ಣುಗಳ ಫೋಟೋ ಕೊಟ್ಟಳು. ಎರಡು ದಿನದಲ್ಲಿ ಹೊಸದನ್ನು ಮಾಡಿ ಒಯ್ದೆ. ಸಣ್ಣ, ಒಳಗಿರುವ ಕಣ್ಣುಗಳು. ಅಜ್ಜಿ ಅದರ ಮುಂದೆ ಕುಳಿತು ಸೆರಗಿನಿಂದ ಮೂಗು ಒರೆಸಿಕೊಂಡಳು. ಹುಡುಗಿ ಮಾತ್ರ ಒಮ್ಮೆ ನೋಡಿ ತಲೆ ಆಡಿಸಿದಳು.

"ಇಕಿ ಖರೇನ ಅವ್ವ. ಆದ್ರ ಇದರಾಗ ನಾನ ನನ್ನ ನೋಡಿಕೊಂಡಂಗ ಆಗತೈತ್ರಿ. ಸೀರಿ ನೋಡಿದಾಕಿ ಅಕಿ. ಹಳೇದನ್ನ ವಾಪಸ್ ಕೊಡೂದಿಲ್ಲ."

ಸೀರೆಗಳ ನಡುವೆ ಇಟ್ಟು ಅದನ್ನು ಗಂಡನ ಮನೆಗೆ ಒಯ್ದಳು.

ಉಳಿದ ಮೂವತ್ತು ಮನೆಯವರಿಗೂ ಬರೆದೆ. ಇಬ್ಬರು ಬದಲಿಸಿಕೊಂಡರು. ಫೋಲ್ಡರ್ ಅಳಿಸಿದೆ. ರಕ್ತದವರು ಒಬ್ಬರು ಅಂಗಡಿಗೆ ಬರಲೇಬೇಕು ಎಂದು ಪೇಜಿನ ಮೇಲೆ ಬರೆದಿದ್ದೇನೆ, ಮೆಸೇಜುಗಳು ಕಡಿಮೆಯಾಗಿವೆ. ಡೋಣಿಯ ಹುಡುಗಿಯೂ ಈಗ ಬರೆಯುವುದಿಲ್ಲ. ಅವಳನ್ನು ಯಾವ ಊರಿಗೆ ಕೊಟ್ಟರು ಎಂದು ನಾನು ಕೇಳಿರಲಿಲ್ಲ. ಆ ಮನೆಯಲ್ಲಿ ಯಾರಿದ್ದಾರೆ, ಅವಳನ್ನು ಹೇಗೆ ನೋಡಿಕೊಳ್ಳುತ್ತಾರೆ, ಗೊತ್ತಿಲ್ಲ. ಕೆಲವು ಮಧ್ಯಾಹ್ನ ಕೆಲಸ ಮಾಡುತ್ತಿರುವಾಗ ಕಾರಣವಿಲ್ಲದೆ ಎಡಗಣ್ಣಿನಿಂದ ನೀರು ಇಳಿಯುತ್ತದೆ. ಒರೆಸಿಕೊಂಡು, ಅಲ್ಲಿ ಆ ಫೋಟೋದ ಮುಂದೆ ಈಗ ಏನು ನಡೆಯುತ್ತಿರಬಹುದು ಎಂದು ಯೋಚಿಸುತ್ತ ಕುಳಿತುಬಿಡುತ್ತೇನೆ.