ಓಡಿಹೋದವರ ಮನೆ

ಇವತ್ತು ಬೆಳಿಗ್ಗೆ ಓಟ ಮುಗಿಸಿ ಹಿತ್ತಲ ಕಡೆಯಿಂದ ಮನೆಗೆ ಬಂದೆ. ಸೋರೆ ಚಪ್ಪರದ ಕೆಳಗೆ ತಲೆ ತಗ್ಗಿಸುವುದನ್ನು ಮರೆತಿದ್ದರಿಂದ ಹಣೆಗೆ ಏನೋ ಬಡಿಯಿತು. ನೋಡಿದರೆ ನನ್ನದೇ ಹಳೆಯ ಬೂಟು. ದೃಷ್ಟಿ ತಾಗದಿರಲಿ ಎಂದು ನಮ್ಮತ್ತೆ ಸೋರೆಕಾಯಿಗಳ ನಡುವೆ ಕಟ್ಟಿಸಿದ್ದು. ನಮ್ಮ ಮಿರ್ಲೆಯ ಕಡೆ ಇದಕ್ಕೆ ಒಂದು ಹರಕು ಚಪ್ಪಲಿ ಸಾಕು. ಕಂಪನಿ ಬೂಟು ಕಟ್ಟಿಸಿಕೊಂಡ ಸೋರೆಬಳ್ಳಿ ಇದೊಂದೇ ಇರಬೇಕು. ಬಳ್ಳಿಗೂ ಅದರ ಜಂಬ ಇದ್ದಂತಿದೆ, ಕಾಯಿ ಚೆನ್ನಾಗಿ ಬಿಟ್ಟಿದೆ.

ಆ ಬೂಟು ಹೊಸದಾಗಿದ್ದದ್ದು ಹೋದ ವರ್ಷ ಇದೇ ದಿನಗಳಲ್ಲಿ. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂತು ಊರ ಹೆಂಗಸರ ಅಳತೆಯನ್ನೆಲ್ಲ ತೆಗೆಯುವ ನಾನು, ನನ್ನ ಅಳತೆ ಎತ್ತ ಹೋಗುತ್ತಿದೆ ಎಂದು ನೋಡಿಕೊಂಡಿರಲಿಲ್ಲ. ಕೆ.ಆರ್. ನಗರದ ಡಾಕ್ಟರು, "ಸಕ್ಕರೆ ಕಾಯಿಲೆ ಹೊಸಿಲಿಗೆ ಬಂದು ನಿಂತಿದೆ, ಒಳಗೆ ಕರೀಬೇಡಿ" ಎಂದರು. ಬಾಗಿಲಿಗೆ ಬಂದವರನ್ನು ಹಾಗೇ ಕಳಿಸಿ ಗೊತ್ತಿಲ್ಲದ ಮನೆ ನಮ್ಮದು. ಆದರೂ ಓಡಿಸಬೇಕಲ್ಲ, ಅದಕ್ಕೆ ನಾನೇ ಓಡತೊಡಗಿದೆ.

ಮೊದಲ ದಿನ ನಾಚಿಕೆಯಿಂದ ಬೂಟನ್ನು ಬಟ್ಟೆ ಚೀಲದಲ್ಲಿ ಬಚ್ಚಿಟ್ಟುಕೊಂಡು ಬೆಳಕು ಹರಿಯುವ ಮುಂಚೆ ಮನೆ ಬಿಟ್ಟೆ. ನಾಲೆ ಏರಿಯ ಮೇಲೆ ಹಾಕಿಕೊಂಡರಾಯಿತು ಎಂದುಕೊಂಡು, ಬೀದಿಯಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಬರಿಗಾಲಲ್ಲೇ ಓಡಿದೆ. ಎದುರುಮನೆಯ ಪುಟ್ಟತಾಯಮ್ಮ ಬಾಗಿಲಿಗೆ ಸಗಣಿ ನೀರು ಹಾಕುತ್ತಿದ್ದವಳು ನೋಡಿಯೇಬಿಟ್ಟಳು. ಬಕೆಟ್ಟು ಅಲ್ಲೇ ಇಟ್ಟು ನಮ್ಮ ಜಗಲಿ ಹತ್ತಿ ಅತ್ತೆಯನ್ನು ಕೂಗಿದಳಂತೆ:

"ಅಕ್ಕೋ, ನಿಮ್ಮ್ ಸೊಸೆ ಓಡೋದ್ಲು ಕಣಕ್ಕೋ! ಕೈಲಿ ಬಟ್ಟೆ ಚೀಲ ಬೇರೆ ಇತ್ತು!"

ನೀವೇ ಹೇಳಿ, ಅವಳದೇನು ತಪ್ಪು? ನಮ್ಮ ಕಡೆ ಗಂಡಸು ಓಡಿದರೆ ಬಸ್ಸಿಗೆ, ಹಸು ಓಡಿದರೆ ಮೇವಿಗೆ. ಹೆಂಗಸು ಓಡಿಹೋದಳು ಎಂದರೆ ಮಾತ್ರ ಒಂದೇ ಅರ್ಥ. ನಾನು ಬೆವರು ಒರೆಸಿಕೊಳ್ಳುತ್ತ ವಾಪಸ್ಸು ಬರುವಷ್ಟರಲ್ಲಿ ನನ್ನ ಗಂಡ ಬೈಕು ಹತ್ತಿ ಸಾಲಿಗ್ರಾಮದ ಬಸ್‌ಸ್ಟ್ಯಾಂಡನ್ನೆಲ್ಲ ಜಾಲಾಡಿ ಬಂದಾಗಿತ್ತು. ಅತ್ತೆ ಜಗಲಿಯ ಮೇಲೆ ಅಳುವುದಕ್ಕೆ ಸಿದ್ಧವಾಗಿ ಸೆರಗು ಹಿಡಿದು ಕೂತಿದ್ದರು.

"ಯಾರ್ ಜೊತೆ ಓಡೋಗಿದ್ದೆ, ಅಮ್ಮಿ?"

"ಒಬ್ಳೇ ಕಣತ್ತೆ. ಮೈ ಇಳೀಲಿ ಅಂತ."

ಅತ್ತೆ ಹಿಡಿದ ಸೆರಗು ಬಿಟ್ಟು, "ವಾಪಸ್ ಬರೋಂಗಿದ್ರೆ ಓಡಾದ್ಯಾಕೆ ಮತ್ತೆ?" ಎಂದರು.

ಮಳೆಗಾಲದ ಹೊತ್ತಿಗೆ ನಾಚಿಕೆ ಹೋಗಿ ಹುಚ್ಚು ಬಂತು. ಫೋನಿನಲ್ಲಿ ಓಟ ಅಳೆಯುವ ಆಪ್ ಹಾಕಿಕೊಂಡೆ. ನಿನ್ನೆಗಿಂತ ಇವತ್ತು ನಿಧಾನ ಎಂದು ಅದು ಹೇಳಿದ ದಿನ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು, ಯಾರದೋ ರವಿಕೆಯ ತೋಳು ಬಿಗಿಯಾಗುತ್ತಿತ್ತು. ಮೈಸೂರಿನಲ್ಲಿ ನಡೆಯುವ ಹತ್ತು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟೆ. ಮೆಡಲು ನೇತುಹಾಕಲು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಮುಂಚೆಯೇ ಮೊಳೆ ಹೊಡೆಸಿದೆ.

ಓಟ ಇನ್ನೇನು ಬಂತು ಎನ್ನುವಾಗ ಅತ್ತೆ ಹಿತ್ತಲ ಒಗೆಯುವ ಕಲ್ಲಿನ ಬಳಿ ಪಾಚಿಗೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೈಸೂರಿಗೇನೋ ಹೋದೆ, ಆಸ್ಪತ್ರೆಗೆ. ಆಪರೇಷನ್ ಆಯಿತು. "ನಡೆಸಿ. ಮಲಗೋಕೆ ಬಿಟ್ಟರೆ ಮಲಗಿಯೇ ಬಿಡ್ತಾರೆ" ಎಂದು ಅಲ್ಲಿಯ ಡಾಕ್ಟರು ವಾಕರು ಕೊಟ್ಟು ಕಳಿಸಿದರು. ಅತ್ತೆ ಅದನ್ನು ಹಿಡಿದು ನಡುಮನೆಯಲ್ಲಿ ನಾಲ್ಕು ಹೆಜ್ಜೆ ಹಾಕುತ್ತಿದ್ದರು, ಹೊಸಿಲು ಮಾತ್ರ ದಾಟಲೊಲ್ಲರು. ಬರಬರುತ್ತ ಆ ನಾಲ್ಕು ಹೆಜ್ಜೆಯೂ ಕಡಿಮೆಯಾಯಿತು. ಇವರು ಇನ್ನು ಮಂಚ ಬಿಟ್ಟು ಏಳುವುದಿಲ್ಲವೇನೋ ಎಂದು ನನಗೆ ನಿಜವಾಗಿ ಭಯವಾಯಿತು.

"ನಾಕ್ ಕಾಲಲ್ಲಿ ಬೀದಿಗ್ ಬರಾದಾ? ನೋಡ್ದೋರು ಏನಂದಾರು?" ಎನ್ನುವುದು ಅವರ ತಕರಾರು.

"ನಾ ಓಡ್ದಾಗ ಏನಂದ್ರು? ಓಡೋದ್ಲು ಅಂದ್ರು. ನಿಮ್ಮುನ್ನೂ ಅಂಗೇ ಅನ್ಲಿ ಬುಡಿ, ಏನೀಗ?"

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಏಳಲಿಲ್ಲ.

ಅಲ್ಲಿಂದ ನನ್ನ ಓಟ ಕುಗ್ಗಿತು. ನಾಲೆಯ ತೂಬಿನವರೆಗೆ ಹೋಗಿ ತಿರುಗಿಬಿಡುತ್ತಿದ್ದೆ. ಆಮೇಲೆ ಅತ್ತೆಯ ತೋಳು ಹಿಡಿದು ನಡುಮನೆಯ ಕಂಬ ಸುತ್ತಿಸುವುದು. ಅಷ್ಟು ಓಟಕ್ಕೆ ಆಪ್ ಹಚ್ಚುತ್ತಿರಲಿಲ್ಲ. ಓಡಿ ಬಹಳ ದಿನವಾಯಿತಲ್ಲ ಎಂದು ಅದು ಒಂದು ದಿನ ತಾನಾಗಿಯೇ ಕೇಳಿತು, ಕಿತ್ತು ಹಾಕಿದೆ. ಮೆಡಲಿನ ಮೊಳೆಗೆ ಕತ್ತರಿ ನೇತುಹಾಕಿದೆ, ಕೈಗೆ ಚೆನ್ನಾಗಿ ಸಿಗುತ್ತದೆ. ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಬೂಟು ಬಾಯಿ ಬಿಟ್ಟ ದಿನ ಅದನ್ನು ತಿಪ್ಪೆಗೆ ಎಸೆಯಲು ಹೊರಟಾಗ ಅತ್ತೆ ಮಂಚದಿಂದಲೇ ತಡೆದರು. "ಅಷ್ಟ್ ದುಡ್ಡಿಂದು ಕಣಮ್ಮಿ, ಸೋರೆಗಾದ್ರೂ ಕಟ್ಸು."

ಇವತ್ತು ಆ ಬೂಟಿಗೆ ಹಣೆ ಕೊಟ್ಟು ಒಳಗೆ ಬಂದರೆ ಮಂಚ ಖಾಲಿ. ವಾಕರೂ ಇಲ್ಲ. ಬೀದಿ ಬಾಗಿಲು ತೆರೆದಿತ್ತು. ಎದುರಿಗೆ ಪುಟ್ಟತಾಯಮ್ಮ ಬಕೆಟ್ಟು ಹಿಡಿದುಕೊಂಡು, ವರ್ಷದಿಂದ ಕಾದಿದ್ದವಳ ಹಾಗೆ ನಗುತ್ತ ನಿಂತಿದ್ದಳು.

"ನಿಮ್ಮತ್ತೆ ಓಡೋದ್ರು ಕಣಮ್ಮಿ!"

ಓಡಿದೆ. ಆಪ್ ಇದ್ದಿದ್ದರೆ ಇವತ್ತಾದರೂ ನನ್ನನ್ನು ಹೊಗಳುತ್ತಿತ್ತು. ಬೀದಿಯ ಕೊನೆಯ ಅರಳಿಕಟ್ಟೆಯ ಮೇಲೆ ಅತ್ತೆ ವಾಕರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕೂತಿದ್ದರು. ಮುಖವೆಲ್ಲ ಬೆವರು.

"ಯಾರ್ ಜೊತೆ ಓಡ್ ಬಂದ್ರಿ ಅತ್ತೆ?" ಎಂದೆ.

ಅತ್ತೆ ಉಸಿರು ಸುಧಾರಿಸಿಕೊಂಡು, "ಒಬ್ಳೇ ಕಣಮ್ಮಿ" ಎಂದರು. ಆಮೇಲೆ ಕೈ ಚಾಚಿದರು. "ವಾಪಸ್ ಓಗಾಕ್ ಮಾತ್ರ ನೀನ್ ಬೇಕು."